ಕಾರಿನಲ್ಲಿ ಹಾರ್ಡ್ ಡಿಸ್ಕ್ ಸಂಗೀತ: ಹಳೆಯ ಐಪಾಡೋ, ಯುಎಸ್‌ಬಿ ಡಿಸ್ಕೋ?

ಪ್ರಶ್ನೆ: ನನ್ನದು 2015ರ ಹ್ಯಾಚ್‌ಬ್ಯಾಕ್. ಹೊರಗೆ ಹಾಕಿಸಿದ ಸ್ಟೀರಿಯೊದಲ್ಲಿ ಯುಎಸ್‌ಬಿ, ಆಕ್ಸ್ ಎರಡೂ ಇವೆ. ಧಾರವಾಡ–ಬೆಂಗಳೂರು ಓಡಾಟ ಜಾಸ್ತಿ. ಸಂಗ್ರಹ ಒಟ್ಟು 190 ಜಿಬಿ: 110 ಜಿಬಿ ಹಿಂದೂಸ್ತಾನಿ ಫ್ಲ್ಯಾಕ್‌ನಲ್ಲಿ (ಗುಣಮಟ್ಟ ಕಳೆಯದ ಫೈಲು ರೂಪ), 80 ಜಿಬಿ ವಚನ, ಭಾವಗೀತೆ, ಚಿತ್ರಗೀತೆ ಎಂಪಿ3ಯಲ್ಲಿ. ಸುಮಾರು 14,000 ಫೈಲು, 650 ಫೋಲ್ಡರು. ಮನೆಯ 500 ಜಿಬಿ ಪೋರ್ಟಬಲ್ ಹಾರ್ಡ್ ಡಿಸ್ಕನ್ನು ಯುಎಸ್‌ಬಿಗೆ ಹಾಕಿದರೆ ಒಮ್ಮೆ ಓದುತ್ತದೆ, ಇನ್ನೊಮ್ಮೆ ಟಿಕ್ ಟಿಕ್ ಎಂದು ಸುಮ್ಮನಾಗುತ್ತದೆ. ಪರಿಚಯದವರೊಬ್ಬರು 160 ಜಿಬಿ ಐಪಾಡ್ ಕ್ಲಾಸಿಕ್ ಮಾರುತ್ತಿದ್ದಾರೆ. ಯಾವುದು ಸರಿ? ಮೊಬೈಲ್ ಬ್ಲೂಟೂತ್ ಬೇಡ, ನಡುವೆ ಕರೆಗಳು ಬರುತ್ತವೆ.

ಉತ್ತರ: ಪೋರ್ಟಬಲ್ ಡಿಸ್ಕನ್ನು ಕಾರಿನಿಂದ ಇಳಿಸಿ, ಮನೆಯಲ್ಲಿ ಬ್ಯಾಕಪ್‌ಗೆ ಇಟ್ಟುಕೊಳ್ಳಿ. ಐಪಾಡ್ ಒಳ್ಳೆಯ ಆಯ್ಕೆ, ಆದರೆ ಅದರ ಡಿಸ್ಕ್ ಮತ್ತು ಬ್ಯಾಟರಿ ನೋಡದೆ ದುಡ್ಡು ಕೊಡಬೇಡಿ. ಐಪಾಡ್ ಬೇಡವೆನಿಸಿದರೆ 256 ಜಿಬಿಯ ಪೆನ್‌ಡ್ರೈವ್, ಇಲ್ಲವೇ ಯುಎಸ್‌ಬಿ ಡಬ್ಬಿಯಲ್ಲಿ ಕೂರಿಸಿದ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಡಿಸ್ಕ್) ಸಾಕು.

ಎರಡೂ ಹಾರ್ಡ್ ಡಿಸ್ಕೇ ಆಗಿರುವಾಗ ಒಂದು ಆಗುತ್ತದೆ, ಇನ್ನೊಂದು ಆಗುವುದಿಲ್ಲ ಎನ್ನಲು ಕಾರಣವಿದೆ. ಕಾರಿನೊಳಗೆ ಡಿಸ್ಕಿನ ಬಾಳಿಕೆ ಎರಡು ಸಂಗತಿಗಳ ಮೇಲೆ ನಿಂತಿದೆ: ಗಂಟೆಗೆ ಎಷ್ಟು ಹೊತ್ತು ಅದು ತಿರುಗುತ್ತದೆ, ಮತ್ತು ಕರೆಂಟ್ ಹೋಗುವ ಮುನ್ನ ಅದಕ್ಕೆ ಸುಳಿವು ಸಿಗುತ್ತದೆಯೇ. ಕಂಪನಿ, ಬೆಲೆ, ಜಿಬಿ ಎಲ್ಲ ಆಮೇಲಿನ ಮಾತು.

ಮೊದಲು ಆ ಟಿಕ್ ಟಿಕ್. ಯುಎಸ್‌ಬಿ 2.0 ಕಿಂಡಿ ನಿಯಮದ ಪ್ರಕಾರ ಕೊಡುವುದು 0.5 ಆಂಪಿಯರ್. ಕೆಲವು ಸ್ಟೀರಿಯೊಗಳು 1 ಆಂಪಿಯರ್ ಕೊಡುತ್ತವೆ. ಎರಡೂವರೆ ಇಂಚಿನ ಡಿಸ್ಕಿಗೆ ಓದುತ್ತಿರುವಾಗ ಅರ್ಧ ಆಂಪಿಯರ್‌ನೊಳಗೆ ಸಾಕಾದರೂ, ನಿಂತ ತಟ್ಟೆಯನ್ನು ತಿರುಗಿಸಿ ವೇಗಕ್ಕೆ ತರಲು ಕೆಲವು ಸೆಕೆಂಡುಗಳ ಕಾಲ 1 ಆಂಪಿಯರ್‌ನಷ್ಟು ಬೇಕು. ಅಷ್ಟು ಸಿಗದಿದ್ದರೆ ವೋಲ್ಟೇಜ್ ಕುಸಿಯುತ್ತದೆ, ಡಿಸ್ಕ್ ಮರುಪ್ರಾರಂಭವಾಗುತ್ತದೆ, ಮತ್ತೆ ಏಳಲು ಹೋಗಿ ಮತ್ತೆ ಬೀಳುತ್ತದೆ. ನಿಮಗೆ ಕೇಳುತ್ತಿರುವ ಸದ್ದು ಇದೇ. ಕೇಬಲ್ ಉದ್ದವಾಗಿದ್ದರಂತೂ ಕೆಲಸ ಇನ್ನೂ ಕೆಡುತ್ತದೆ. ಅಗ್ಗದ ಕೇಬಲ್‌ಗಳಲ್ಲಿ ಕರೆಂಟ್ ಹೊರುವ ತಂತಿ ಹೆಚ್ಚಾಗಿ 28 ಗೇಜಿನ ತೆಳ್ಳನೆಯದು. ಅದು ಒಂದೂವರೆ ಮೀಟರ್ ಇದ್ದರೆ, ಹೋಗಿ ಬರುವ ದಾರಿ ಸೇರಿ, 1 ಆಂಪಿಯರ್ ಹರಿಯುವಾಗ 0.6 ವೋಲ್ಟ್‌ಗೂ ಹೆಚ್ಚು ತಂತಿಯಲ್ಲೇ ಕಳೆದುಹೋಗುತ್ತದೆ. 5 ವೋಲ್ಟ್ ಹೊರಟದ್ದು 4.4ರ ಆಸುಪಾಸಿಗೆ ಬಂದು ತಲುಪುತ್ತದೆ, ಡಿಸ್ಕಿಗೆ ಬೇಕಾದದ್ದು ಕನಿಷ್ಠ 4.75. ಅರ್ಧ ಮೀಟರಿನ ದಪ್ಪ ಕೇಬಲ್ ಹಾಕಿದರೆ ಎಷ್ಟೋ ಸಲ ಟಿಕ್ ಟಿಕ್ ನಿಲ್ಲುತ್ತದೆ. ಎರಡು ತಲೆಯ ವೈ ಕೇಬಲ್ ತಂದು ಒಂದು ತುದಿಯನ್ನು ಸಿಗರೇಟ್ ಲೈಟರ್ ಚಾರ್ಜರ್‌ಗೆ ಕೊಡುವುದೂ ಉಂಟು.

ಆದರೆ ಡಿಸ್ಕ್ ಓದಿತು ಎಂದ ಮಾತ್ರಕ್ಕೆ ತೊಂದರೆ ಮುಗಿಯಲಿಲ್ಲ. ನೀವು ಕೀ ತಿರುಗಿಸಿದಾಗ ಏನಾಗುತ್ತದೆ ನೋಡಿ. ಕೀ ಆನ್‌ಗೆ ಬಂದೊಡನೆ ಸ್ಟೀರಿಯೊಗೆ ಕರೆಂಟ್ ಬಂದು ಡಿಸ್ಕ್ ತಿರುಗಲು ಶುರುಮಾಡುತ್ತದೆ. ಸೆಲ್ಫ್ ಹೊಡೆದ ಆ ಒಂದೆರಡು ಸೆಕೆಂಡು ಇಗ್ನಿಷನ್ ಸ್ವಿಚ್ಚೇ ಸ್ಟೀರಿಯೊದ ಕರೆಂಟ್ ಕಡಿಯುತ್ತದೆ. ಎಂಜಿನ್ ಹತ್ತಿದ ಮೇಲೆ ಮತ್ತೆ ಬರುತ್ತದೆ. ಅಂದರೆ ಪ್ರತಿ ಸಲ ಗಾಡಿ ತೆಗೆದಾಗ ಎರಡು ಬಾರಿ ಏಳುವುದು, ಒಂದು ಬಾರಿ ನಡುದಾರಿಯಲ್ಲಿ ಬೀಳುವುದು. ಗಾಡಿ ನಿಲ್ಲಿಸಿದಾಗ ಇನ್ನೊಂದು ಬೀಳು. ಕಂಪ್ಯೂಟರು ಡಿಸ್ಕಿಗೆ ಹೇಳಿ ನಿಲ್ಲಿಸಿದಾಗ ಓದುವ ತಲೆ ಮೆಲ್ಲಗೆ ತಟ್ಟೆಯಿಂದ ಆಚೆ ಸರಿದು ತನ್ನ ಇಳಿಜಾರಿನಲ್ಲಿ ಕೂರುತ್ತದೆ. ಇಂಥ ಕ್ರಮಬದ್ಧ ಇಳಿತಗಳನ್ನು ಲ್ಯಾಪ್‌ಟಾಪ್ ಡಿಸ್ಕುಗಳು 6 ಲಕ್ಷದವರೆಗೆ ತಾಳುವಂತೆ ಮಾಡಿರುತ್ತಾರೆ. ಹೇಳದೆ ಕರೆಂಟ್ ಹೋದರೆ, ತಿರುಗುತ್ತಿರುವ ತಟ್ಟೆಯ ಉಳಿದ ಬಲದಿಂದಲೇ ತಲೆಯನ್ನು ಒಮ್ಮೆಲೇ ಆಚೆ ಎಸೆಯಬೇಕಾಗುತ್ತದೆ. ಇದನ್ನು ತಾಳುವ ಲೆಕ್ಕ ಅದಕ್ಕಿಂತ ಬಹಳ ಕಡಿಮೆ. ರಸ್ತೆಯ ಹಂಪುಗಳಿಗೆ ಎಲ್ಲರೂ ಹೆದರುತ್ತಾರೆ. ನಿಜಕ್ಕೂ ಡಿಸ್ಕನ್ನು ಸವೆಸುವುದು ಹೆಚ್ಚಾಗಿ ಈ ಕೀ ತಿರುಗಿಸುವ ಕೆಲಸವೇ.

ಸದ್ಯಕ್ಕೆ ಆ ಡಿಸ್ಕನ್ನೇ ಬಳಸಲೇಬೇಕಾದರೆ, ಎಂಜಿನ್ ಶುರುವಾದ ಮೇಲೆ ಸ್ಟೀರಿಯೊ ಆನ್ ಮಾಡಿ. ನಿಲ್ಲಿಸುವ ಮುನ್ನ ಸ್ಟೀರಿಯೊವನ್ನು ರೇಡಿಯೊಗೆ ಬದಲಿಸಿ ಅರ್ಧ ನಿಮಿಷ ಬಿಡಿ. ಓದುವ ಕೆಲಸವಾದರೂ ನಿಂತಿರುತ್ತದೆ.

ಕಾರಿಗೆಂದೇ ಮಾಡಿದ ಹಾರ್ಡ್ ಡಿಸ್ಕ್ ಪ್ಲೇಯರ್‌ಗಳು ಈ ಎರಡು ಕಷ್ಟಗಳನ್ನೂ ಇಪ್ಪತ್ತೈದು ವರ್ಷದ ಹಿಂದೆಯೇ ಅರಿತಿದ್ದವು. 1999ರಲ್ಲಿ ಇಂಗ್ಲೆಂಡಿನಿಂದ ಬಂದ ಎಂಪೆಗ್ ಕಾರ್, ಲಿನಕ್ಸ್ ಮೇಲೆ ಓಡುವ, ಡ್ಯಾಶ್‌ಬೋರ್ಡಿನಿಂದ ಎಳೆದು ಮನೆಗೆ ಒಯ್ಯಬಹುದಾದ ಪೆಟ್ಟಿಗೆ. ಒಳಗೆ ಎರಡು ಲ್ಯಾಪ್‌ಟಾಪ್ ಡಿಸ್ಕುಗಳಿಗೆ ಜಾಗ. ಹಾಡನ್ನು ಮೊದಲು ಮೆಮೊರಿಗೆ ತುಂಬಿಕೊಂಡು ಡಿಸ್ಕಿಗೆ ಬಿಡುವು ಕೊಡುತ್ತಿತ್ತು. ಸೋನಿಕ್‌ಬ್ಲೂ ಅದನ್ನು ಕೊಂಡು ರಿಯೊ ಕಾರ್ ಎಂದು ಹೆಸರಿಟ್ಟು 2001ರಲ್ಲಿ ನಿಲ್ಲಿಸಿತು. ಫ್ಯಾಟ್‌ನಾಯ್ಸ್ ಕಂಪನಿಯ ಫ್ಯಾಟ್‌ಬಾಕ್ಸ್ ಬೇರೆ ದಾರಿ ಹಿಡಿಯಿತು: ಡಿಕ್ಕಿಯಲ್ಲಿ ಕೂತು, ತಾನೊಂದು ಸಿಡಿ ಚೇಂಜರ್ ಎಂದು ಕಾರಿನ ಸ್ಟೀರಿಯೊವನ್ನು ನಂಬಿಸುವುದು. ಕೆನ್‌ವುಡ್ ಇದನ್ನೇ ಮ್ಯೂಸಿಕ್ ಕೆಗ್ ಎಂದು ಮಾರಿತು. ಜಾಣ ಉಪಾಯವೇ, ಆದರೆ ಬಹಳ ಸ್ಟೀರಿಯೊಗಳ ಪರದೆಯಲ್ಲಿ ಡಿಸ್ಕ್ ಸಂಖ್ಯೆ, ಹಾಡಿನ ಸಂಖ್ಯೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಇವನ್ನು ಹುಡುಕಿಕೊಂಡು ಹೋಗಬೇಡಿ. ಹೊರದೇಶದಿಂದ ತರಿಸಿದರೂ ಬಿಡಿಭಾಗಕ್ಕೆ, ಹಾಡು ತುಂಬುವ ಹಳೆಯ ತಂತ್ರಾಂಶಕ್ಕೆ ಪರದಾಡಬೇಕು. 2009ರ ಆಸುಪಾಸಿನ ಬಿಎಂಡಬ್ಲ್ಯು, ಮರ್ಸಿಡಿಸ್ ಕಾರುಗಳ ಡ್ಯಾಶ್‌ಬೋರ್ಡಿನೊಳಗೇ ಇದ್ದ ಡಿಸ್ಕುಗಳು ಇನ್ನೊಂದು ಜಾತಿ. ಅವು ವಾಹನಕ್ಕೆಂದೇ ಮಾಡಿದವು, ಮೈನಸ್ 30ರಿಂದ 85 ಡಿಗ್ರಿವರೆಗೆ ತಾಳುವಂಥವು ಮಾರುಕಟ್ಟೆಯಲ್ಲಿದ್ದವು. ಸೆಕೆಂಡ್‌ಹ್ಯಾಂಡ್ ಕೊಂಡವರು ಅವು ಕೆಟ್ಟಾಗ ಸಾಮಾನ್ಯ ಲ್ಯಾಪ್‌ಟಾಪ್ ಡಿಸ್ಕ್ ಹಾಕಿಸಿ ಮರುಬೇಸಿಗೆಯಲ್ಲಿ ಮತ್ತೆ ಬಿಚ್ಚಿಸುತ್ತಾರೆ.

ಜೇಬಿನ ಪ್ಲೇಯರ್‌ಗಳಿಗೆ ಬರೋಣ. ಐಪಾಡ್ ಕ್ಲಾಸಿಕ್‌ನಲ್ಲಿ ಇರುವುದು 1.8 ಇಂಚಿನ ಪುಟ್ಟ ಡಿಸ್ಕ್, ಜೊತೆಗೆ 64 ಎಂಬಿ ಮೆಮೊರಿ. ಅದರಲ್ಲಿ ಸ್ವಂತ ಕೆಲಸಕ್ಕೆ ಒಂದಿಷ್ಟು ಇಟ್ಟುಕೊಂಡು ಉಳಿದದ್ದರಲ್ಲಿ ಮುಂದಿನ ಹಾಡುಗಳನ್ನು ತುಂಬಿ ಡಿಸ್ಕನ್ನು ನಿಲ್ಲಿಸಿಬಿಡುತ್ತದೆ. 320 ಕೆಬಿಪಿಎಸ್ ಎಂಪಿ3ಗೆ ನಿಮಿಷಕ್ಕೆ 2.4 ಎಂಬಿ ಬೇಕು. 50 ಎಂಬಿ ತುಂಬಿಕೊಂಡಿತೆಂದರೆ ಇಪ್ಪತ್ತು ನಿಮಿಷ ಡಿಸ್ಕ್ ಮಲಗಿರುತ್ತದೆ. ನಿಮ್ಮ ಹಳ್ಳದಿಣ್ಣೆಯಲ್ಲಿ ಅದು ತಿರುಗುತ್ತಿರುವ ಸಾಧ್ಯತೆಯೇ ಕಡಿಮೆ. ನಷ್ಟವಿಲ್ಲದ ಫೈಲು ಹಾಕಿದರೆ ಇದೇ ಬಿಡುವು ಏಳೆಂಟು ನಿಮಿಷಕ್ಕೆ ಇಳಿಯುತ್ತದೆ, ಬ್ಯಾಟರಿಯೂ ಬೇಗ ಕರಗುತ್ತದೆ. ಹಾಡು ಹಾರಿಸುತ್ತಾ ಹೋದರೂ ಅಷ್ಟೇ, ತುಂಬಿದ್ದು ಖಾಲಿಯಾಗಿ ಡಿಸ್ಕ್ ಮತ್ತೆ ಮತ್ತೆ ಏಳುತ್ತದೆ. ಸ್ಟೀರಿಯೊಗೆ ನೇರ ಚುಚ್ಚಿದ ಯುಎಸ್‌ಬಿ ಡಿಸ್ಕಿಗೆ ಈ ಸುಖವಿಲ್ಲ: ಸ್ಟೀರಿಯೊ ಚೂರು ಚೂರೇ ಓದುವುದರಿಂದ ಧಾರವಾಡದಿಂದ ಬೆಂಗಳೂರಿನ ತನಕ ತಟ್ಟೆ ನಿಲ್ಲದೆ ತಿರುಗುತ್ತಲೇ ಇರಬೇಕು. ಇನ್ನು ಕರೆಂಟಿನ ವಿಷಯದಲ್ಲಿ, ಐಪಾಡ್‌ಗೆ ತನ್ನದೇ ಬ್ಯಾಟರಿ ಇದೆ. ಕೀ ತೆಗೆದೊಡನೆ ಚಾರ್ಜ್ ನಿಂತದ್ದನ್ನು ಗಮನಿಸಿ ಹಾಡು ತಡೆದು, ಡಿಸ್ಕನ್ನು ಕ್ರಮವಾಗಿ ಮಲಗಿಸುತ್ತದೆ.

ಹಿಂದೂಸ್ತಾನಿ ಕೇಳುವವರಿಗೆ ಇನ್ನೊಂದು ಲಾಭ. ವಿಲಂಬಿತ, ದ್ರುತ್ ಬೇರೆ ಬೇರೆ ಫೈಲುಗಳಾಗಿರುವ ಧ್ವನಿಮುದ್ರಣದಲ್ಲಿ ಬಹಳ ಸ್ಟೀರಿಯೊಗಳು ನಡುವೆ ಒಂದೆರಡು ಸೆಕೆಂಡು ಮೌನ ತುರುಕುತ್ತವೆ. ಕ್ಲಾಸಿಕ್ ಹಾಗೆ ಮಾಡುವುದಿಲ್ಲ. 50 ನಿಮಿಷದ ರಾಗವನ್ನು ನಡುವೆ ಬಿಟ್ಟು ಊಟಕ್ಕೆ ಇಳಿದು ಬಂದರೂ ಅಲ್ಲಿಂದಲೇ ಎತ್ತಿಕೊಳ್ಳುತ್ತದೆ.

ಬೇರೆ ಜೇಬಿನ ಪ್ಲೇಯರ್‌ಗಳೂ ಹಳೆಯ ಮಾಲಿನ ಅಂಗಡಿಗಳಲ್ಲಿ ಸಿಗುತ್ತವೆ. ಐರಿವರ್ ಎಚ್340 ಕಂಪ್ಯೂಟರಿಗೆ ಪೆನ್‌ಡ್ರೈವ್‌ನಂತೆಯೇ ಕಾಣುತ್ತದೆ, ರಾಕ್‌ಬಾಕ್ಸ್ ಎಂಬ ಬದಲಿ ತಂತ್ರಾಂಶ ಹಾಕಿದರೆ ಫ್ಲ್ಯಾಕ್ ನುಡಿಸುತ್ತದೆ, ಆದರೆ 40 ಜಿಬಿ ನಿಮಗೆ ಸಾಲದು. ಮೈಕ್ರೋಸಾಫ್ಟ್‌ನ ಝೂನ್ 120 ಜಿಬಿಯದೂ ಇತ್ತು, ಹಾಡು ತುಂಬಲು ಝೂನ್ ತಂತ್ರಾಂಶವೇ ಬೇಕು, ಆ ಸೇವೆ 2015ರಲ್ಲೇ ಮುಚ್ಚಿದೆ. ಕೊವಾನ್ ಎಕ್ಸ್7 ಗುಣದಲ್ಲಿ ಚೆನ್ನಾಗಿದೆ, ನಮ್ಮಲ್ಲಿ ಅದರ ಬ್ಯಾಟರಿ, ಡಿಸ್ಕ್ ಸಿಗುವುದು ಕಷ್ಟ. ಬಿಡಿಭಾಗ ಇವತ್ತಿಗೂ ಸುಲಭವಾಗಿ ಸಿಗುವುದು ಐಪಾಡ್‌ಗೆ ಮಾತ್ರ. ತೀರ್ಮಾನಕ್ಕೆ ಅದೊಂದೇ ಸಾಕು.

ಈಗ ಆ ಪರಿಚಯದವರ ಐಪಾಡನ್ನು ಪರೀಕ್ಷಿಸುವ ಬಗೆ. 160 ಜಿಬಿಯಲ್ಲಿ ಎರಡು ಬಗೆ ಇವೆ: 2007ರದ್ದು 13.5 ಮಿಲಿಮೀಟರ್ ದಪ್ಪ, 2009ರದ್ದು 10.5. ತೆಳ್ಳಗಿನದೇ ಬೇಕು, ಕಾರಣ ಮುಂದೆ ಹೇಳುತ್ತೇನೆ. ಮೇಜಿನ ಮೇಲೆ ಮಲಗಿಸಿ ಬೆನ್ನು ಉಬ್ಬಿದೆಯೇ, ಮುಂಭಾಗದ ಅಂಚು ಎದ್ದಿದೆಯೇ ನೋಡಿ. ಉಬ್ಬಿದ್ದರೆ ಬ್ಯಾಟರಿ ಊದಿಕೊಂಡಿದೆ, ಬೇಡ. ಹೋಲ್ಡ್ ಗುಂಡಿಯನ್ನು ಒಮ್ಮೆ ಸರಿಸಿ ವಾಪಸ್ ತನ್ನಿ. ಮೆನು ಮತ್ತು ನಡುವಿನ ಗುಂಡಿಯನ್ನು ಒಟ್ಟಿಗೆ ಒತ್ತಿ ಹಿಡಿಯಿರಿ. ಸೇಬಿನ ಗುರುತು ಬಂದ ತಕ್ಷಣ ಬಿಟ್ಟು, ನಡುವಿನ ಗುಂಡಿ ಮತ್ತು ಹಿಂದಿನ ಹಾಡಿನ ಗುಂಡಿಯನ್ನು ಒಟ್ಟಿಗೆ ಹಿಡಿಯಿರಿ. ಪರೀಕ್ಷಾ ಮೆನು ತೆರೆಯುತ್ತದೆ. ಅದರಲ್ಲಿ ಮ್ಯಾನ್ಯುಯಲ್ ಟೆಸ್ಟ್, ಐಒ, ಹಾರ್ಡ್‌ಡ್ರೈವ್, ಎಚ್‌ಡಿ ಸ್ಮಾರ್ಟ್ ಡೇಟಾ ಎಂಬ ಸರಣಿಯಲ್ಲಿ ಒಳಗೆ ಹೋಗಿ. ರೀಅಲಾಕ್ಸ್ (ಕೆಟ್ಟು ಬದಲಿಸಿದ ಜಾಗಗಳು) ಮತ್ತು ಪೆಂಡಿಂಗ್ ಸೆಕ್ಟರ್ಸ್ (ಓದಲಾಗದೆ ಅನುಮಾನದಲ್ಲಿರುವ ಜಾಗಗಳು) ಎರಡೂ ಸೊನ್ನೆ ಇದ್ದರೆ ಸಂತೋಷ. ಮೊದಲನೆಯದು ನಾಲ್ಕೈದಿದ್ದು ಎರಡನೆಯದು ಸೊನ್ನೆಯಿದ್ದರೆ ಬೆಲೆ ಇಳಿಸಿ ಕೊಳ್ಳಬಹುದು. ಪೆಂಡಿಂಗ್ ಎರಡಂಕಿ ದಾಟಿದ್ದರೆ ಡಿಸ್ಕ್ ಹೋಗುವ ಹಾದಿಯಲ್ಲಿದೆ. ಹೊರಬರಲು ಮತ್ತೆ ಮೆನು ಹಾಗೂ ನಡುವಿನ ಗುಂಡಿ. ಆಮೇಲೆ ಕಿವಿಗೆ ಹಿಡಿದು ಮೂರು ಬೇರೆ ಬೇರೆ ಆಲ್ಬಮ್‌ಗಳ ಹಾಡು ಹಾಕಿ: ಮೆಲ್ಲನೆಯ ಗುಂಯ್ ಸಹಜ, ಲೋಹ ತಾಗಿದಂಥ ಪದೇಪದೇ ಕ್ಲಿಕ್ ಕೇಳಿದರೆ ಬಿಟ್ಟು ಬನ್ನಿ.

ಮುಂದೊಂದು ದಿನ ಡಿಸ್ಕ್ ಹೋದರೂ ಪೆಟ್ಟಿಗೆ ಎಸೆಯಬೇಕಿಲ್ಲ. ಐಫ್ಲ್ಯಾಶ್ ಎಂಬ ಸಣ್ಣ ಫಲಕವನ್ನು ಡಿಸ್ಕಿನ ಜಾಗದಲ್ಲಿ ಕೂರಿಸಿ ಎಸ್‌ಡಿ ಕಾರ್ಡು ಹಾಕಬಹುದು. ಅದರೊಂದಿಗೆ ಅಲುಗಾಟದ ಚಿಂತೆ ಪೂರ್ತಿ ಹೋಗುತ್ತದೆ. 2007, 2008ರ ಕ್ಲಾಸಿಕ್‌ಗಳು 128 ಜಿಬಿಗಿಂತ ಹೆಚ್ಚಿನ ಕಾರ್ಡನ್ನು ಪೂರ್ತಿ ಬಳಸಲಾರವು, 2009ರದ್ದಕ್ಕೆ ಆ ಕಟ್ಟು ಇಲ್ಲ. ತೆಳ್ಳಗಿನದು ಬೇಕೆಂದದ್ದು ಇದಕ್ಕೇ. ಕ್ಲಾಸಿಕ್‌ನ ಲೋಹದ ಮುಖವನ್ನು ಬಿಚ್ಚುವಾಗ ಬಗ್ಗಿಸಿಕೊಳ್ಳದವರು ಕಡಿಮೆ. ಕೈ ಪಳಗಿದವರಿಂದಲೇ ಮಾಡಿಸಿ. ಕಾರ್ಡು ಹಾಕುವ ಮುನ್ನ ಎಚ್2ಟೆಸ್ಟ್‌ಡಬ್ಲ್ಯು ತಂತ್ರಾಂಶದಿಂದ ಪೂರ್ತಿ ಬರೆದು ಓದಿಸಿ ನೋಡಿ, ಸುಳ್ಳು ಅಳತೆಯ ಕಾರ್ಡುಗಳು ಪೇಟೆಯಲ್ಲಿ ಯಥೇಚ್ಛ.

ಸಂಗ್ರಹ 190 ಜಿಬಿ, ಐಪಾಡ್ 160 ಜಿಬಿ, ಮೇಲಾಗಿ ಅದು ಫ್ಲ್ಯಾಕ್ ನುಡಿಸುವುದೇ ಇಲ್ಲ. ಆ್ಯಪಲ್‌ನ ನಷ್ಟವಿಲ್ಲದ ರೂಪಕ್ಕೆ ಬದಲಿಸಿದರೆ ಗಾತ್ರ ಅಷ್ಟೇ ಉಳಿಯುತ್ತದೆ. ನನ್ನ ಸಲಹೆ: ಮೂಲ ಫ್ಲ್ಯಾಕ್ ಮನೆಯ ಡಿಸ್ಕಿನಲ್ಲಿ ಮುಟ್ಟದೆ ಇರಲಿ, ಕಾರಿಗೆ ಬೇರೆ ಪ್ರತಿ ಮಾಡಿ. ಫೂಬಾರ್2000 ತಂತ್ರಾಂಶದಲ್ಲಿ ಎಲ್ಲ ಆರಿಸಿ, ಕನ್ವರ್ಟ್‌ಗೆ ಹೋಗಿ, ಲೇಮ್ ಎಂಪಿ3, ವಿ0 ಗುಣಮಟ್ಟ ಆರಿಸಿ. 110 ಜಿಬಿ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಒಟ್ಟು 120 ಜಿಬಿಯೊಳಗೆ ಬರುತ್ತದೆ. ಎಂಬತ್ತರ ವೇಗದಲ್ಲಿ ಟೈರು, ಗಾಳಿ, ಎಂಜಿನ್ನಿನ ಸದ್ದಿನ ನಡುವೆ ವಿ0ಗೂ ಫ್ಲ್ಯಾಕ್‌ಗೂ ವ್ಯತ್ಯಾಸ ಗುರುತಿಸಿದೆನೆನ್ನುವವರನ್ನು ನಂಬುವುದು ನಿಮಗೆ ಬಿಟ್ಟದ್ದು. ಐಪಾಡ್‌ಗೆ ರಾಕ್‌ಬಾಕ್ಸ್ ಹಾಕಿ ಫ್ಲ್ಯಾಕ್ ನುಡಿಸಬಹುದು, ನಿಜ. ಆಗ ಸ್ಟೀರಿಯೊದ ಗುಂಡಿಯಿಂದ ಐಪಾಡ್ ನಡೆಸುವ ಸೌಲಭ್ಯ ಭರವಸೆಗೆ ಬರುವುದಿಲ್ಲ. ಓಡಿಸುತ್ತಾ ಆ ಚಕ್ರ ತಿರುಗಿಸುವ ಕಷ್ಟ ಬೇಡ.

ಧ್ವನಿಯ ಏರಿಳಿತವನ್ನೂ ಇದೇ ಹೊತ್ತಿಗೆ ಸರಿಮಾಡಿ. ಅರವತ್ತರ ದಶಕದ ಚಿತ್ರಗೀತೆ ಮುಗಿದು ಇತ್ತೀಚಿನ ಹಾಡು ಬಂದರೆ ಎದೆ ಹಾರುತ್ತದೆ. ಕಾರ್ ಸ್ಟೀರಿಯೊಗಳು ಸಾಮಾನ್ಯವಾಗಿ ಫೈಲಿನೊಳಗೆ ಹಾಡಿನ ಧ್ವನಿಮಟ್ಟ ಬರೆದಿಡುವ ರೀಪ್ಲೇಗೇನ್ ಟ್ಯಾಗನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಂಪಿ3ಗೇನ್ ತಂತ್ರಾಂಶ ಫೈಲಿನೊಳಗಿನ ಮಟ್ಟವನ್ನೇ 1.5 ಡೆಸಿಬೆಲ್ ಹೆಜ್ಜೆಗಳಲ್ಲಿ ಬದಲಿಸುತ್ತದೆ, ಮರುಸಂಕೋಚನ ಇಲ್ಲ, ಬೇಕಾದರೆ ಹಿಂದಕ್ಕೂ ತರಬಹುದು. ಅದರ ಮೂಲ ಗುರಿ 89 ಡೆಸಿಬೆಲ್. ಕಾರಿಗೆ 92 ಇಡಿ. ರಾಗಗಳಿಗೆ ಆಲ್ಬಮ್ ಲೆಕ್ಕ, ಚಿತ್ರಗೀತೆಗೆ ಹಾಡಿನ ಲೆಕ್ಕ ಬಳಸಿ.

ಪೆನ್‌ಡ್ರೈವ್ ಅಥವಾ ಎಸ್‌ಎಸ್‌ಡಿ ದಾರಿ ಹಿಡಿದರೆ ತೊಡಕು ಬೇರೆ ಕಡೆ. ಎಸ್‌ಎಸ್‌ಡಿಯಲ್ಲಿ ಸಾಟಾ ಬಗೆಯೇ ಇರಲಿ. ಎನ್‌ವಿಎಂಇ ಎಂಬ ಹೆಚ್ಚು ವೇಗದ ಬಗೆಯ ಡಬ್ಬಿಗಳು ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತವೆ, ಸ್ಟೀರಿಯೊದ ಕಿಂಡಿಗೆ ಹೊರೆ. ಬಹಳಷ್ಟು ಸ್ಟೀರಿಯೊಗಳಿಗೆ ಡ್ರೈವಿನಲ್ಲಿ ಫೈಲು ಜೋಡಿಸುವ ಪದ್ಧತಿಗಳ ಪೈಕಿ ಫ್ಯಾಟ್32 ಮಾತ್ರ ಗೊತ್ತು, ಅದೂ ಎಂಬಿಆರ್ ಎಂಬ ಹಳೆಯ ಬಗೆಯ ವಿಭಜನೆಯಲ್ಲಿ. ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್, ಜಿಪಿಟಿ ಇದ್ದರೆ ಸಾಧನವೇ ಇಲ್ಲವೆನ್ನುತ್ತವೆ. ವಿಂಡೋಸ್‌ನ ಸಾಮಾನ್ಯ ಫಾರ್ಮ್ಯಾಟ್ ಕಿಟಕಿ 32 ಜಿಬಿಗಿಂತ ದೊಡ್ಡದನ್ನು ಫ್ಯಾಟ್32 ಮಾಡಿಕೊಡದೆ ಕೈಚೆಲ್ಲುವುದುಂಟು. ರೂಫಸ್ ತಂತ್ರಾಂಶ ತೆರೆದು ನಾನ್ ಬೂಟಬಲ್, ಎಂಬಿಆರ್, ಫ್ಯಾಟ್32, ಕ್ಲಸ್ಟರ್ 32 ಕೆಬಿ ಎಂದು ಆರಿಸಿ ಮುಗಿಸಿ.

ಇನ್ನೊಂದು ಗುಪ್ತ ಗೋಡೆ ನಿಮ್ಮ 650 ಫೋಲ್ಡರು. ಪಯೊನೀರ್‌ನ ಹಲವು ಸ್ಟೀರಿಯೊಗಳ ಕೈಪಿಡಿಯಲ್ಲಿ 500 ಫೋಲ್ಡರು, 15,000 ಫೈಲು, ಎಂಟು ಹಂತ ಎಂಬ ಮಿತಿ ಕಾಣುತ್ತದೆ. ಬೇರೆ ಕೆಲವು 256ಕ್ಕೇ ನಿಲ್ಲುತ್ತವೆ. ಮಿತಿ ಮೀರಿದಾಗ ಅವು ಎಚ್ಚರಿಕೆ ಕೊಡುವುದಿಲ್ಲ, ಕೊನೆಯ ಫೋಲ್ಡರುಗಳು ಸುಮ್ಮನೆ ಕಾಣಿಸುವುದಿಲ್ಲ, ಅಷ್ಟೆ. ಒಂದೇ ಡ್ರೈವನ್ನು ಎರಡು ಭಾಗ ಮಾಡಿದರೂ ಪ್ರಯೋಜನವಿಲ್ಲ, ಬಹುತೇಕ ಸ್ಟೀರಿಯೊಗಳು ಮೊದಲ ಭಾಗವನ್ನಷ್ಟೇ ಓದುತ್ತವೆ. ರಾಗಸಂಗೀತ ಒಂದು ಪೆನ್‌ಡ್ರೈವ್‌ಗೆ, ಉಳಿದದ್ದು ಇನ್ನೊಂದಕ್ಕೆ ಹಾಕಿದರೆ ಮಿತಿಯೊಳಗೆ ಬರುತ್ತೀರಿ, ಕೀ ತಿರುಗಿಸಿದಾಗ ಎಲ್ಲ ಫೈಲು ಎಣಿಸಿ ಮುಗಿಸುವ ಕಾಯುವಿಕೆಯೂ ಕಡಿಮೆಯಾಗುತ್ತದೆ. ಹಾಡುಗಳು ಹೆಸರಿನ ಕ್ರಮ ಬಿಟ್ಟು, ನೀವು ನಕಲು ಮಾಡಿದ ಕ್ರಮದಲ್ಲೇ ಬರುತ್ತಿದ್ದರೆ ಸ್ಟೀರಿಯೊ ಫ್ಯಾಟ್ ಪಟ್ಟಿಯನ್ನು ಇದ್ದಂತೆಯೇ ಓದುತ್ತಿದೆ ಎಂದರ್ಥ. ಆ ಪಟ್ಟಿಯನ್ನು ಹೆಸರಿನ ಕ್ರಮಕ್ಕೆ ತರುವ ಡ್ರೈವ್‌ಸಾರ್ಟ್ ಅಥವಾ ಫ್ಯಾಟ್‌ಸಾರ್ಟ್ ತಂತ್ರಾಂಶ ಒಮ್ಮೆ ಓಡಿಸಿ. ಒಂದು ಸಾಲಿನ ಪರದೆಯವು ಕನ್ನಡ ಲಿಪಿಯ ಟ್ಯಾಗನ್ನು ಪ್ರಶ್ನಾರ್ಥಕ ಚಿಹ್ನೆ ಮಾಡಿಬಿಡುತ್ತವೆ. ಎಂಪಿ3ಟ್ಯಾಗ್ ತಂತ್ರಾಂಶದಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಬದಲಿಸಿ, ಐಡಿ3 ಆವೃತ್ತಿ 2.3 ಇಟ್ಟು ಉಳಿಸಿ. ಆಂಡ್ರಾಯ್ಡ್ ಸ್ಟೀರಿಯೊಗಳಲ್ಲಿ ಮಾತ್ರ ಕನ್ನಡ ಸರಿಯಾಗಿ ಕಾಣುತ್ತದೆ.

ಐಪಾಡ್ ಜೋಡಿಸುವ ವಿಚಾರ. ನಿಮ್ಮ ಸ್ಟೀರಿಯೊ ಯುಎಸ್‌ಬಿ ಮೂಲಕವೇ ಐಪಾಡ್ ಗುರುತಿಸಿದರೆ ಹಳೆಯ ಅಗಲ ಕನೆಕ್ಟರಿನ ಕೇಬಲ್ ಒಂದೇ ಸಾಕು. ಇತ್ತೀಚಿನ ಕೆಲವು ಸ್ಟೀರಿಯೊಗಳು ಐಫೋನನ್ನು ಮಾತ್ರ ಗುರುತಿಸುತ್ತವೆ; ಕೊಳ್ಳುವ ಮುನ್ನ ಐಪಾಡನ್ನು ನಿಮ್ಮ ಕಾರಿಗೇ ಚುಚ್ಚಿ ನೋಡಿ. ಆಗದಿದ್ದರೆ ಆಕ್ಸ್. ಆಗ ಹೆಡ್‌ಫೋನ್ ತೂತಿನಿಂದ ಎಳೆಯದೆ, ಕೆಳಗಿನ ಡಾಕ್ ಕಿಂಡಿಯಿಂದ ಲೈನ್ ಔಟ್ ಕೊಡುವ ಕೇಬಲ್ ತನ್ನಿ. ಅಲ್ಲಿಯ ಮಟ್ಟ ಸ್ಥಿರ, ವಾಲ್ಯೂಮ್ ಸ್ಟೀರಿಯೊದಲ್ಲಿ ಒಂದೇ ಕಡೆ.

ಆಕ್ಸ್ ಹಾಕಿ ಲೈಟರ್ ಚಾರ್ಜರೂ ಹಾಕಿದಾಗ, ಆಕ್ಸಿಲರೇಟರ್ ಒತ್ತಿದಂತೆ ಏರುವ ಕುಂಯ್ ಸದ್ದು ಬರಬಹುದು. ಚಾರ್ಜರಿನ ನೆಲತಂತಿಯೂ ಆಕ್ಸ್ ಕೇಬಲಿನ ನೆಲತಂತಿಯೂ ಸೇರಿ ಒಂದು ಸುತ್ತಾಗಿ, ಆಲ್ಟರ್ನೇಟರಿನ ಸದ್ದು ಹಾಡಿನ ದಾರಿಗೆ ಬೀಳುತ್ತದೆ. ಚಾರ್ಜರ್ ಕಿತ್ತರೆ ನಿಂತಿತೇ? ಹಾಗಾದರೆ ರೋಗ ಇದೇ. ಸ್ಟೀರಿಯೊದ ಯುಎಸ್‌ಬಿಯಿಂದಲೇ ಚಾರ್ಜ್ ಕೊಟ್ಟು ನೋಡಿ. ಸಾಲದಿದ್ದರೆ ಆಕ್ಸ್ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ, ತೀರಾ ಅಗ್ಗದ್ದು ತಬಲಾದ ಬಾಯಾಂ ನಾದವನ್ನು ತೆಳ್ಳಗೆ ಮಾಡಿಬಿಡುತ್ತದೆ. ಎಫ್‌ಎಂ ಟ್ರಾನ್ಸ್‌ಮಿಟರ್ ಕಡೆ ಹೋಗಬೇಡಿ, ಬೆಂಗಳೂರು ಹತ್ತಿರವಾದಂತೆ ಖಾಲಿ ತರಂಗವೇ ಸಿಗುವುದಿಲ್ಲ.

ಬಿಸಿಲು ಎಲ್ಲಕ್ಕೂ ಶತ್ರು, ಐಪಾಡ್‌ಗೆ ಹೆಚ್ಚು. ಆ್ಯಪಲ್ ಕೊಟ್ಟ ಮಿತಿ: ನಡೆಯುವಾಗ 35 ಡಿಗ್ರಿ, ಸುಮ್ಮನಿಟ್ಟಾಗ 45. ಏಪ್ರಿಲ್ ಮಧ್ಯಾಹ್ನ ಬಿಸಿಲಲ್ಲಿ ಮುಚ್ಚಿ ನಿಂತ ಕಾರಿನೊಳಗೆ ಇದು ಸುಲಭವಾಗಿ ಮೀರುತ್ತದೆ, ಡ್ಯಾಶ್‌ಬೋರ್ಡ್ ಮೇಲಂತೂ ಕೈಯಿಡಲಾಗದು. ಮೊದಲು ಊದುವುದು ಬ್ಯಾಟರಿ. ಕಾರು ನಿಲ್ಲಿಸಿ ಹೋಗುವಾಗ ಐಪಾಡನ್ನು ಜೇಬಿಗೆ ಹಾಕಿಕೊಳ್ಳಿ, ಓಡಿಸುವಾಗ ಗ್ಲೋವ್ ಬಾಕ್ಸಿನಲ್ಲಿ ಒಂದು ಸೆಂಟಿಮೀಟರ್ ಫೋಮ್ ಮೇಲೆ ಮಲಗಿಸಿಡಿ, ಮೇಲುಗಡೆ ಗಾಳಿಗೆ ತೆರೆದಿರಲಿ. ಕಾದ ಕಾರನ್ನು ಏರಿದರೆ ಮೊದಲ ಹತ್ತು ನಿಮಿಷ ರೇಡಿಯೊ ಕೇಳಿ. ಬ್ಯಾಟರಿ ಇಲ್ಲದ ಎಸ್‌ಎಸ್‌ಡಿ, ಪೆನ್‌ಡ್ರೈವ್‌ಗಳನ್ನು ಗ್ಲೋವ್ ಬಾಕ್ಸಿನಲ್ಲೇ ಬಿಡಬಹುದು.

ಕಾರಿನಲ್ಲಿ ಲಡಾಖ್‌ಗೆ ಹೋಗುವ ಯೋಚನೆಯಿದ್ದರೆ ಹಾರ್ಡ್ ಡಿಸ್ಕಿನ ಐಪಾಡ್ ಮನಾಲಿಯಿಂದಾಚೆಗೆ ಬಂದ್ ಇರಲಿ. ಡಿಸ್ಕಿನ ತಲೆ ತಟ್ಟೆಯ ಮೇಲೆ ತೇಲುವುದು ಗಾಳಿಯ ಪದರದ ಆಸರೆಯಿಂದ. ಆ್ಯಪಲ್ ಹೇಳುವ ಮಿತಿ 3,000 ಮೀಟರ್, ಖರ್ದುಂಗ್ ಲಾ 5,359 ಮೀಟರ್. ಗಾಳಿ ತೆಳುವಾದಲ್ಲಿ ತಲೆ ಇಳಿದು ತಟ್ಟೆಗೆ ತಾಗಬಹುದು. ಮುಳ್ಳಯ್ಯನಗಿರಿಯ 1,930 ಮೀಟರ್‌ಗೆ ಏನೂ ಆಗುವುದಿಲ್ಲ. ಲಡಾಖ್ ಪ್ರವಾಸದ ಹಾಡುಗಳನ್ನು ಒಂದು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಿ.